ಕೊಡಗಿನ ಹೊಳೆಗಳು ಮತ್ತು ಒಳನಾಡು ಜಲಸಾರಿಗೆಯ ಯೋಜನೆ: ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಸಾರಿಗೆಯ ಚರಿತ್ರೆಯಲ್ಲಿ ರಸ್ತೆ ಮತ್ತು ರೈಲುಮಾರ್ಗಗಳಿಗೆ ದೊರೆತಿರುವ ಗಮನ ಜಲಮಾರ್ಗಗಳಿಗೆ ದೊರೆತಿಲ್ಲ. ಕರಾವಳಿಯ ಬಂದರುಗಳನ್ನು ಕುರಿತು ಸಾಕಷ್ಟು ಅಧ್ಯಯನಗಳು ನಡೆದಿದ್ದರೂ ಒಳನಾಡಿನ ಹೊಳೆಗಳನ್ನು ಸಂಚಾರದ ದೃಷ್ಟಿಯಿಂದ ನೋಡಿದ ಪ್ರಯತ್ನಗಳು ವಿರಳ. ಕೊಡಗಿನ ಮಟ್ಟಿಗೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ದಕ್ಷಿಣ ಭಾರತದ ಮಹಾನದಿಗಳಲ್ಲಿ ಒಂದಾದ ಕಾವೇರಿಗೆ ಜನ್ಮ ನೀಡಿದ ಈ ನಾಡಿನಲ್ಲಿ ನದಿಯನ್ನು ದೈವವಾಗಿ, ತೀರ್ಥವಾಗಿ, ನೀರಾವರಿಯ ಮೂಲವಾಗಿ ಕಂಡಿರುವ ಬರಹಗಳು ಹೇರಳವಾಗಿವೆ. ಜನರ ಓಡಾಟಕ್ಕೆ ಅಡ್ಡ ನಿಂತ, ಅಥವಾ ಅನುವಾದ, ನೀರಾಗಿ ಕಂಡ ಬರಹಗಳು ಕಡಿಮೆ. ಕೊಡಗಿನಲ್ಲಿ ಜಲಸಾರಿಗೆ ಯಾವ ರೂಪದಲ್ಲಿತ್ತು, ಅದನ್ನು ಸುಧಾರಿಸುವ ಯೋಜನೆಗಳು ಯಾವ ಅಳತೆಗೋಲನ್ನು ಹಿಡಿದು ಸಾಗಿದವು, ಆ ಅಳತೆಗೋಲಿನಿಂದ ಏನು ಬಿಟ್ಟುಹೋಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧. ನೆಲ ಮತ್ತು ನೀರಿನ ಸ್ವರೂಪ

4,102 ಚದರ ಕಿಲೋಮೀಟರ್ ವಿಸ್ತೀರ್ಣದ ಕೊಡಗು ಪಶ್ಚಿಮಘಟ್ಟದ ನೆತ್ತಿಯ ಮೇಲೆ ಹರಡಿಕೊಂಡಿದೆ. ಸಮುದ್ರಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದ ತಲಕಾವೇರಿಯಲ್ಲಿ ಹುಟ್ಟುವ ಕಾವೇರಿಯು ಭಾಗಮಂಡಲದಲ್ಲಿ ಕನ್ನಿಕೆಯನ್ನೂ ಗುಪ್ತಗಾಮಿನಿಯೆಂಬ ನಂಬಿಕೆಯ ಸುಜ್ಯೋತಿಯನ್ನೂ ಕೂಡಿಕೊಂಡು ಪೂರ್ವಕ್ಕೆ ಹರಿಯುತ್ತದೆ. ಕಕ್ಕಬ್ಬೆ, ಕದನೂರು, ಚಿಕ್ಲಿಹೊಳೆ ಮೊದಲಾದ ಉಪನದಿಗಳು ಕೊಡಗಿನೊಳಗೆ ಅದನ್ನು ಸೇರುತ್ತವೆ. ಹಾರಂಗಿಯು ಕೂಡಿಗೆಯಲ್ಲಿ ಬಂದು ಕೂಡುತ್ತದೆ. ಬ್ರಹ್ಮಗಿರಿಯ ಇರ್ಪುವಿನ ಕಡೆಯಿಂದ ಇಳಿಯುವ ಲಕ್ಷ್ಮಣತೀರ್ಥವು ಮೈಸೂರು ಸೀಮೆಯನ್ನು ಹಾದು ಕಾವೇರಿಯನ್ನು ಸೇರುತ್ತದೆ. ಇವೆಲ್ಲ ಮೂಡಣದ ನೀರು. ಪಡುವಣಕ್ಕೆ ಬರಪೊಳೆಯು ಕಡಿದಾದ ಕಂದರಗಳಲ್ಲಿ ಧುಮುಕಿ ಮಲಬಾರಿನ ವಳಪಟ್ಟಣಂ ಹೊಳೆಯಾಗುತ್ತದೆ. ಸಂಪಾಜೆಯ ಕಡೆಯಿಂದ ಇಳಿಯುವ ಪಯಸ್ವಿನಿಯು ಸುಳ್ಯವನ್ನು ಹಾದು ಕಾಸರಗೋಡಿನ ಬಳಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಡಲನ್ನು ಸೇರುತ್ತದೆ. ಬರಪೊಳೆಯ ಹೆಸರಿನಲ್ಲಿರುವ ‘ಪೊಳೆ’ ಎಂಬುದು ಕನ್ನಡದ ‘ಹೊಳೆ’ಗೆ ಸಂವಾದಿಯಾದ ಕೊಡವ ನುಡಿ.

ಈ ಹೊಳೆಗಳ ನಡತೆಯು ವರ್ಷದಲ್ಲಿ ಎರಡು ಬಗೆಯದು. ಬೇಸಗೆಯಲ್ಲಿ ಕಾವೇರಿಯನ್ನು ಕೊಡಗಿನ ಹೆಚ್ಚಿನ ಕಡೆಗಳಲ್ಲಿ ಕಾಲ್ನಡಿಗೆಯಿಂದಲೇ ದಾಟಬಹುದಾಗಿತ್ತು. ಮುಂಗಾರಿನಲ್ಲಿ ಅದೇ ಹೊಳೆ 20ರಿಂದ 30 ಅಡಿ ಆಳದ ಪ್ರವಾಹವಾಗಿ ಏರುತ್ತದೆಂದು ಬ್ರಿಟಿಷರ ಕಾಲದ ಗ್ಯಾಸೆಟಿಯರುಗಳು ದಾಖಲಿಸಿವೆ. ಬೇಸಗೆಯಲ್ಲಿ ದೋಣಿ ತೇಲಲು ನೀರು ಸಾಲದು. ಮಳೆಗಾಲದಲ್ಲಿ ದೋಣಿ ನಿಲ್ಲಲು ನೀರು ಬಿಡದು. ಹಾಸುಬಂಡೆಗಳಿಂದ ಕೂಡಿದ ಪಾತ್ರ, ಅಂಕುಡೊಂಕಾದ ಹರಿವು, ಎತ್ತರದ ದಂಡೆಗಳು ಈ ತೊಡಕನ್ನು ಹೆಚ್ಚಿಸುತ್ತವೆ. ಕೊಡಗಿನ ಗಡಿಯನ್ನು ದಾಟಿದ ಮೇಲೂ ಚುಂಚನಕಟ್ಟೆ, ಶಿವನಸಮುದ್ರ, ಹೊಗೇನಕಲ್ಲುಗಳ ಧುಮ್ಮಿಕ್ಕುವಿಕೆಗಳು ನದಿಯ ದಾರಿಯನ್ನು ತುಂಡರಿಸುತ್ತವೆ. ಸುಮಾರು 800 ಕಿಲೋಮೀಟರ್ ಉದ್ದದ ಈ ನದಿಯು ಮೂಲದಿಂದ ಮುಖದವರೆಗೆ ಅಖಂಡ ಜಲಮಾರ್ಗವಾಗಲು ನಿಸರ್ಗವೇ ಎಡೆಗೊಟ್ಟಿಲ್ಲ.

ಹೀಗಾಗಿ ಕೊಡಗಿನಲ್ಲಿ ಜಲಸಾರಿಗೆಯೆಂದರೆ ಹೊಳೆಯ ಉದ್ದಕ್ಕೆ ಸಾಗುವುದಲ್ಲ, ಹೊಳೆಯನ್ನು ಅಡ್ಡಲಾಗಿ ದಾಟುವುದು. ಈ ವ್ಯತ್ಯಾಸವನ್ನು ಮನಗಾಣದೆ ಇಲ್ಲಿಯ ಜಲಸಾರಿಗೆಯ ಚರಿತ್ರೆಯನ್ನು ಅರಿಯಲು ಸಾಧ್ಯವಿಲ್ಲ.

೨. ದಾಟುವ ಕ್ರಮಗಳು

ಹೊಳೆ ದಾಟಲು ಬಳಕೆಯಲ್ಲಿದ್ದ ಸಾಧನಗಳು ಸರಳವಾದವು. ಬಿದಿರನ್ನು ಒತ್ತಾಗಿ ಕಟ್ಟಿದ ತೆಪ್ಪ, ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು, ಮರದ ದೋಣಿ—ಇವು ಕಾವೇರಿ ಕಣಿವೆಯ ಸಾಮಾನ್ಯ ಸಾಧನಗಳು. ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲೂ ಬಂಡೆಗೆ ತಾಗದೆ ಸಾಗುತ್ತದೆ. ಕೆಲಸ ಮುಗಿದ ಮೇಲೆ ಒಬ್ಬನೇ ಅದನ್ನು ಹೊತ್ತು ದಂಡೆಗೆ ಒಯ್ಯಬಹುದು. ಸೆಳವಿರುವಾಗ ಅಂಬಿಗನು ಎದುರು ದಂಡೆಯ ಗುರಿಗೆ ನೇರವಾಗಿ ಹುಟ್ಟು ಹಾಕುವುದಿಲ್ಲ. ಮೇಲ್ಹರಿವಿನ ಕಡೆಗೆ ಸಾಕಷ್ಟು ದೂರ ದಂಡೆಯಲ್ಲೇ ನಡೆದು, ಅಲ್ಲಿಂದ ನೀರಿಗಿಳಿದು, ಸೆಳವು ಒಯ್ಯುವ ಓರೆ ದಾರಿಯನ್ನೇ ಬಳಸಿಕೊಂಡು ಕೆಳಗಿನ ಇಳಿದಾಣವನ್ನು ಮುಟ್ಟುತ್ತಾನೆ. ಈ ಕಾರಣದಿಂದ ದೋಣಿ ದಾಟುವ ಜಾಗವೆಂದರೆ ಒಂದು ಬಿಂದುವಲ್ಲ. ಹೊರಡುವ ತಾಣ, ತಲುಪುವ ತಾಣ, ಅವುಗಳ ನಡುವೆ ಬಂಡೆಯಿಲ್ಲದ ನೀರು—ಈ ಮೂರೂ ಕೂಡಿದ ಎಡೆ. ಅಂಥ ಎಡೆಗಳು ಪ್ರತಿ ಹೊಳೆಯಲ್ಲೂ ಕೆಲವೇ ಇರುತ್ತವೆ, ಹಾದಿಗಳೆಲ್ಲ ಅವನ್ನೇ ಅರಸಿಕೊಂಡು ಬರುತ್ತವೆ.

ಮಳೆಗಾಲದ ಬದುಕನ್ನು ಕೊಡಗಿನವರು ಈ ಮಿತಿಗೆ ಹೊಂದಿಸಿಕೊಂಡಿದ್ದರು. ಉಪ್ಪು, ಒಣಮೀನು, ಸೌದೆ ಮೊದಲಾದವನ್ನು ಮುಂಗಾರಿಗೆ ಮುನ್ನ ಕೂಡಿಡುವುದು ಮನೆತನದ ವ್ಯವಸ್ಥೆಯ ಭಾಗವಾಗಿತ್ತು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳು ಗದ್ದೆಯ ಕೆಲಸದ ಬಿರುಸಿನ ಕಾಲವೂ ಹೌದು, ಊರೂರಿನ ನಡುವೆ ಓಡಾಟ ಕಡಿಮೆಯಾಗುವ ಕಾಲವೂ ಹೌದು. ಅಕ್ಕಿಯನ್ನು ಎತ್ತುಗಳ ಮೇಲೆ ಹೇರಿ ಮಲಬಾರಿನ ಕರಾವಳಿಗೆ ಒಯ್ದು ಉಪ್ಪನ್ನು ತರುತ್ತಿದ್ದ ವ್ಯಾಪಾರವು ಒಣ ತಿಂಗಳುಗಳಿಗೆ ಸೀಮಿತವಾಗಿದ್ದುದಕ್ಕೆ ಘಟ್ಟದ ಕೆಸರು ಎಷ್ಟು ಕಾರಣವೋ ತುಂಬಿದ ಹೊಳೆಗಳೂ ಅಷ್ಟೇ ಕಾರಣ.

ಹೊಳೆಗಳಿಗೆ ರಕ್ಷಣೆಯ ಪಾತ್ರವೂ ಇತ್ತು. ಹೊರಗಿನಿಂದ ಏರಿಬಂದ ಸೈನ್ಯಗಳಿಗೆ ಕಾಡು, ಕಡಂಗಗಳಂತೆಯೇ ಮುಂಗಾರಿನ ಹೊಳೆಗಳೂ ಅಡ್ಡಿಯಾಗಿದ್ದವು. ನಾಡಿನ ಭದ್ರತೆಯ ದೃಷ್ಟಿಯಿಂದ ದಾಟಲು ಸುಲಭವಾದ ಹೊಳೆ ಹಾಲೇರಿ ಅರಸರಿಗೆ ಅಷ್ಟೇನೂ ಬೇಕಾದ ಸಂಗತಿಯಾಗಿರಲಿಲ್ಲವೆಂದು ಊಹಿಸಲು ಅವಕಾಶವಿದೆ. ಸೇತುವೆಯ ಅಗತ್ಯವನ್ನು ಮುಂದಿಟ್ಟದ್ದು ನಂತರ ಬಂದ ಆಡಳಿತ.

೩. 1834ರ ನಂತರದ ಬದಲಾವಣೆ

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಈಸ್ಟ್ ಇಂಡಿಯಾ ಕಂಪನಿಯು ಕೊಡಗನ್ನು ವಶಪಡಿಸಿಕೊಂಡಿತು. ಜಲಸಾರಿಗೆಯ ದೃಷ್ಟಿಯಿಂದ ಈ ಘಟನೆಯ ಎರಡು ಪರಿಣಾಮಗಳು ಗಮನಾರ್ಹ.

ಮೊದಲನೆಯದು ಗಡಿಯ ಮರುವಿಂಗಡಣೆ. ಕೊಡಗಿನ ಅರಸರ ಅಧೀನದಲ್ಲಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಇದರಿಂದ ಪಯಸ್ವಿನಿಯ ಮೇಲಿನ ಕಣಿವೆ ಒಂದು ಆಡಳಿತಕ್ಕೂ ಕೆಳಗಿನ ಕಣಿವೆ ಇನ್ನೊಂದಕ್ಕೂ ಸೇರಿದವು. ಬರಪೊಳೆಯ ಕೆಳಪಾತ್ರವು ಮೊದಲಿನಿಂದಲೂ ಮಲಬಾರಿನದು. ಹೀಗೆ ಕೊಡಗಿನ ಪಡುವಣ ಹೊಳೆಗಳೆಲ್ಲ ದೋಣಿ ನಡೆಸಲು ತಕ್ಕವಾಗುವ ಎಡೆಗೆ ಬರುವ ಹೊತ್ತಿಗೆ ಕೊಡಗಿನವಾಗಿ ಉಳಿದಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಡಗು ಮೈಸೂರು ರಾಜ್ಯಕ್ಕೂ ಮಲಬಾರು ಮತ್ತು ಕಾಸರಗೋಡು ಕೇರಳಕ್ಕೂ ಸೇರಿದಾಗ ಈ ವಿಭಜನೆ ಇನ್ನಷ್ಟು ಖಚಿತವಾಯಿತು.

ಎರಡನೆಯದು ರಸ್ತೆ ಮತ್ತು ಸೇತುವೆಗಳ ನಿರ್ಮಾಣ. ಸೈನ್ಯದ ಚಲನೆಗಾಗಿ ಆರಂಭವಾದ ರಸ್ತೆಗಳು 1850ರ ದಶಕದಿಂದಾಚೆಗೆ ಕಾಫಿ ತೋಟಗಳ ವಿಸ್ತರಣೆಯಿಂದ ವಾಣಿಜ್ಯದ ಮಾರ್ಗಗಳಾದವು. ಮಡಿಕೇರಿಯಿಂದ ಸಂಪಾಜೆ ಘಾಟಿಯ ಮೂಲಕ ಮಂಗಳೂರಿಗೆ, ವಿರಾಜಪೇಟೆಯಿಂದ ಪೆರುಂಬಾಡಿ ಘಾಟಿಯ ಮೂಲಕ ಕಣ್ಣೂರು, ತಲಚೇರಿಗಳಿಗೆ, ಕುಶಾಲನಗರದ ಮೂಲಕ ಮೈಸೂರಿಗೆ ಗಾಡಿರಸ್ತೆಗಳು ಸಿದ್ಧವಾದವು. ಕರ್ನಲ್ ಫ್ರೇಸರನ ಹೆಸರಿನಿಂದ ಆಗ ಫ್ರೇಸರ್‌ಪೇಟೆ ಎನಿಸಿಕೊಂಡಿದ್ದ ಕುಶಾಲನಗರದಲ್ಲಿ ಕಾವೇರಿಗೆ ಕಟ್ಟಿದ 516 ಅಡಿ ಉದ್ದದ ಕಲ್ಲಿನ ಸೇತುವೆಯು ಆ ಕಾಲದ ಗ್ಯಾಸೆಟಿಯರುಗಳ ಪ್ರಶಂಸೆಗೆ ಪಾತ್ರವಾಗಿದೆ. ಮಳೆಗಾಲದಲ್ಲಿ ಮೈಸೂರಿನೊಡನೆ ಸಂಪರ್ಕ ಕಡಿಯದಂತೆ ನೋಡಿಕೊಂಡ ಈ ಸೇತುವೆ ಕೊಡಗಿನ ಆಡಳಿತದ ಮುಖವನ್ನು ಪೂರ್ವಕ್ಕೆ ತಿರುಗಿಸಿತೆಂದರೆ ತಪ್ಪಾಗಲಾರದು.

ಪಶ್ಚಿಮದಲ್ಲಿ ಮಾತ್ರ ಗಾಡಿ ಮತ್ತು ದೋಣಿಗಳ ಸಂಯೋಗ ಕೆಲಕಾಲ ಉಳಿಯಿತು. ಮಂಗಳೂರಿಗೆ ಹೋಗುವ ರಸ್ತೆಯು ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ಮುಟ್ಟುತ್ತದೆ. ಅದರ ನೆರೆಯ ಬಂಟ್ವಾಳವು ಘಟ್ಟದ ಮೇಲಿನ ಸರಕು ಬಂದು ಸೇರುವ ಪೇಟೆಯಾಗಿತ್ತು. ಅಲ್ಲಿಯವರೆಗೆ ಸಣ್ಣ ದೋಣಿಗಳು ಹೊಳೆಯಲ್ಲಿ ಬರುತ್ತಿದ್ದವು. ಗಾಡಿಯಿಂದ ದೋಣಿಗೆ, ದೋಣಿಯಿಂದ ಬಂದರಿನ ಮಂಜಿಗೆ ಸರಕು ಬದಲಾಗುತ್ತಿದ್ದ ಈ ಏರ್ಪಾಡು ಘಟ್ಟದ ನಾಡುಗಳಿಗೆ ದೊರೆತ ಜಲಸಾರಿಗೆಯ ಮುಖ್ಯ ಸೌಕರ್ಯ. ಆದರೆ ಅದು ದೊರೆತದ್ದು ಘಟ್ಟವನ್ನು ಇಳಿದ ಮೇಲೆ.

೪. ಕಾಲುವೆಯ ಕನಸುಗಳು

19ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದ ಸಾರಿಗೆಯ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಕಾವೇರಿ ಮತ್ತು ಗೋದಾವರಿ ಮುಖಜಭೂಮಿಗಳ ನೀರಾವರಿ ಕಾಮಗಾರಿಗಳಿಂದ ಹೆಸರಾದ ಸರ್ ಆರ್ಥರ್ ಕಾಟನ್ ರೈಲಿಗಿಂತ ಕಾಲುವೆಯೇ ಭಾರತಕ್ಕೆ ಹಿತವೆಂದು ಪಟ್ಟುಹಿಡಿದು ವಾದಿಸಿದನು. ಕಡಿಮೆ ಬೆಲೆಯ ಭಾರವಾದ ಸರಕನ್ನು ನೀರು ಅಗ್ಗವಾಗಿ ಒಯ್ಯುತ್ತದೆ, ಅದೇ ಕಾಲುವೆ ಗದ್ದೆಗೂ ನೀರುಣಿಸುತ್ತದೆ ಎಂಬುದು ಅವನ ವಾದದ ತಿರುಳು. ಈ ಆಲೋಚನೆಯ ಪರೀಕ್ಷೆಯು ಕನ್ನಡ ನಾಡಿನ ಅಂಚಿನಲ್ಲೇ ನಡೆಯಿತು. ಮದ್ರಾಸ್ ಇರಿಗೇಶನ್ ಕಂಪನಿಯು ತುಂಗಭದ್ರೆಗೆ ಸುಂಕೇಶುಲದಲ್ಲಿ ಅಣೆಕಟ್ಟು ಕಟ್ಟಿ ಕರ್ನೂಲು–ಕಡಪ ಕಾಲುವೆಯನ್ನು ನೀರಾವರಿ ಮತ್ತು ದೋಣಿ ಸಂಚಾರ ಎರಡಕ್ಕೂ ಅನುವಾಗುವಂತೆ ನಿರ್ಮಿಸಿತು. ಕಾಮಗಾರಿ 1871ರಲ್ಲಿ ಮುಗಿದರೂ ನಿರೀಕ್ಷಿಸಿದ ಆದಾಯ ಬಾರದೆ 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಳ್ಳಬೇಕಾಯಿತು. ಬಂಡವಾಳ ರೈಲುಮಾರ್ಗಗಳ ಕಡೆಗೆ ಹರಿಯಿತು. ಕೊಡಗಿಗೆ ಕಾಲುವೆಯೂ ಬರಲಿಲ್ಲ, ರೈಲೂ ಬರಲಿಲ್ಲ. ರೈಲುಮಾರ್ಗವಿಲ್ಲದ ಜಿಲ್ಲೆಯಾಗಿ ಅದು ಇಂದಿಗೂ ಉಳಿದಿದೆ.

ಕಾವೇರಿಯ ನೀರು ಈ ನಡುವೆ ಇನ್ನೊಂದು ಬಗೆಯ ಲೆಕ್ಕಕ್ಕೆ ಒಳಗಾಯಿತು. 1892 ಮತ್ತು 1924ರ ಒಪ್ಪಂದಗಳು ಮೈಸೂರು ಮತ್ತು ಮದ್ರಾಸುಗಳ ನಡುವೆ ನಡೆದವು. ನದಿಯ ಮೂಲವಿರುವ ಕೊಡಗು ಅವುಗಳಿಗೆ ಸಹಿ ಹಾಕಿದ ಪಕ್ಷವಾಗಿರಲಿಲ್ಲ. ಅಂದಿನಿಂದ 2007ರ ನ್ಯಾಯಾಧಿಕರಣದ ಅಂತಿಮ ತೀರ್ಪು, 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳವರೆಗೆ ಕಾವೇರಿಯನ್ನು ಕುರಿತ ಸಾರ್ವಜನಿಕ ಚಿಂತನೆಯು ಟಿ.ಎಂ.ಸಿ. ಅಡಿಗಳ ಭಾಷೆಯಲ್ಲೇ ನಡೆದಿದೆ. ಕೊಡಗಿನ ಒಳಗೆ 8.5 ಟಿ.ಎಂ.ಸಿ. ಸಾಮರ್ಥ್ಯದ ಹಾರಂಗಿ ಜಲಾಶಯ ನಿರ್ಮಾಣವಾದದ್ದೂ ಈ ಚಿಂತನೆಯ ಫಲವೇ. ಹಂಚಿಕೊಳ್ಳಬೇಕಾದ ನೀರಾಗಿ ನದಿಯನ್ನು ಕಾಣುವ ದೃಷ್ಟಿಯಲ್ಲಿ, ದಾಟಬೇಕಾದ ನೀರಾಗಿ ಅದನ್ನು ಕಾಣುವವನ ಪ್ರಶ್ನೆಗೆ ಎಡೆ ದೊರೆಯಲಿಲ್ಲ.

೫. ಸ್ವಾತಂತ್ರ್ಯೋತ್ತರ ಯೋಜನೆಗಳು ಮತ್ತು ಅವುಗಳ ಅಳತೆಗೋಲು

ಸಂವಿಧಾನದ ಏಳನೆಯ ಅನುಸೂಚಿಯು ಜಲಸಾರಿಗೆಯನ್ನು ಮೂರು ಪಟ್ಟಿಗಳಲ್ಲಿ ಹಂಚಿದೆ. ರಾಷ್ಟ್ರೀಯ ಜಲಮಾರ್ಗವೆಂದು ಸಂಸತ್ತು ಸಾರಿದ ಮಾರ್ಗಗಳಲ್ಲಿ ಯಂತ್ರಚಾಲಿತ ಹಡಗುಗಳ ಸಂಚಾರವು ಕೇಂದ್ರದ ಪಟ್ಟಿಯಲ್ಲಿದೆ. ಉಳಿದ ಒಳನಾಡು ಜಲಮಾರ್ಗಗಳಲ್ಲಿ ಅಂಥ ಹಡಗುಗಳ ಸಂಚಾರವು ಸಮವರ್ತಿ ಪಟ್ಟಿಯಲ್ಲಿದೆ. ರಸ್ತೆ, ಸೇತುವೆ, ಕಡವುದೋಣಿಗಳು ರಾಜ್ಯದ ಪಟ್ಟಿಯಲ್ಲಿವೆ. ಅಂದರೆ ಕೊಡಗಿನಂಥ ಪ್ರದೇಶಕ್ಕೆ ಬೇಕಾದ ಜಲಸಾರಿಗೆಯ ಹೊಣೆ ಸಂಪೂರ್ಣವಾಗಿ ರಾಜ್ಯದ್ದು; ಹಣ ಮತ್ತು ನೀತಿಯ ಒಲವು ಹೆಚ್ಚಾಗಿ ಹರಿದದ್ದು ಕೇಂದ್ರದ ಪಟ್ಟಿಯ ಕಡೆಗೆ.

1959ರಲ್ಲಿ ವರದಿ ನೀಡಿದ ಗೋಖಲೆ ಸಮಿತಿ, 1970ರ ಭಗವತಿ ಸಮಿತಿಗಳು ದೇಶದ ಒಳನಾಡು ಜಲಸಾರಿಗೆಯನ್ನು ಪರಿಶೀಲಿಸಿದವು. 1986ರಲ್ಲಿ ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರ ಸ್ಥಾಪನೆಯಾಯಿತು. ಅದೇ ವರ್ಷ ಅಲಹಾಬಾದಿನಿಂದ ಹಲ್ದಿಯಾವರೆಗಿನ 1,620 ಕಿಲೋಮೀಟರ್ ಗಂಗೆಯು ಮೊದಲ ರಾಷ್ಟ್ರೀಯ ಜಲಮಾರ್ಗವಾಯಿತು. 1988ರಲ್ಲಿ 891 ಕಿಲೋಮೀಟರ್ ಬ್ರಹ್ಮಪುತ್ರಾ, 1993ರಲ್ಲಿ ಕೇರಳದ ಪಶ್ಚಿಮ ಕರಾವಳಿ ಕಾಲುವೆ ಈ ಸ್ಥಾನ ಪಡೆದವು. 2016ರ ರಾಷ್ಟ್ರೀಯ ಜಲಮಾರ್ಗಗಳ ಅಧಿನಿಯಮವು ಒಟ್ಟು ಸಂಖ್ಯೆಯನ್ನು 111ಕ್ಕೆ ಏರಿಸಿತು. ಕರ್ನಾಟಕದ ಕಾಳಿ, ಶರಾವತಿ, ಪಂಚಗಂಗಾವಳಿ, ಉದ್ಯಾವರ, ಗುರುಪುರ, ನೇತ್ರಾವತಿ, ಕಬಿನಿ, ತುಂಗಭದ್ರಾ, ಭೀಮಾ, ಘಟಪ್ರಭಾ, ಮಲಪ್ರಭಾಗಳ ಭಾಗಗಳು ಈ ಪಟ್ಟಿಯಲ್ಲಿ ಸೇರಿವೆ. ಕಾವೇರಿಯೂ ಸೇರಿದೆ, ಆದರೆ ಅದು ತಮಿಳುನಾಡಿನಲ್ಲಿ ಹರಿಯುವ ಕಾವೇರಿ–ಕೊಳ್ಳಿಡಂ ಭಾಗ. ಕೊಡಗಿನ ಕಾವೇರಿ ಈ ಪಟ್ಟಿಯಲ್ಲಿ ಇಲ್ಲ.

ಇಲ್ಲದಿರುವುದು ತಾಂತ್ರಿಕವಾಗಿ ಸರಿಯೇ. ಜಲಮಾರ್ಗವೊಂದರ ಯೋಗ್ಯತೆಯನ್ನು ಅಳೆಯುವುದು ಅದರ ಉದ್ದ, ಆಳ, ಅಗಲ, ತಿರುವುಗಳಿಂದ, ಅದು ಹೊರಬಲ್ಲ ಹಡಗಿನ ಟನ್ನುಗಳಿಂದ. 2006ರಲ್ಲಿ ಪ್ರಾಧಿಕಾರವು ರೂಪಿಸಿದ ವರ್ಗೀಕರಣದಲ್ಲಿ ಕೆಳಗಿನ ದರ್ಜೆಯ ಜಲಮಾರ್ಗವೂ 100 ಟನ್ ಹೊರುವ ಹಡಗಿಗೆ ತಕ್ಕದ್ದಾಗಿರಬೇಕು. ಭಾಗಮಂಡಲದಿಂದ ಕುಶಾಲನಗರದವರೆಗಿನ ಹೊಳೆ ಬೇಸಗೆಯಲ್ಲಿ ಈ ಪರೀಕ್ಷೆಯ ಹತ್ತಿರಕ್ಕೂ ಬಾರದು. ಪ್ರಶ್ನೆಯಿರುವುದು ಪಟ್ಟಿಯಲ್ಲಿ ಹೆಸರಿಲ್ಲದ ಬಗ್ಗೆ ಅಲ್ಲ. ಉದ್ದಕ್ಕೆ ಸಾಗದ ಹೊಳೆಯಲ್ಲಿ ಜಲಸಾರಿಗೆಯ ಸಮಸ್ಯೆಯೇ ಇಲ್ಲವೆಂದು ಯೋಜನೆಯು ಭಾವಿಸುವಂತಾದುದರ ಬಗ್ಗೆ. ರಾಷ್ಟ್ರೀಯ ಜಲನೀತಿಯ ಆದ್ಯತಾಕ್ರಮದಲ್ಲೂ ಈ ಉಪೇಕ್ಷೆಯ ಸುಳಿವಿದೆ. 1987ರ ನೀತಿಯಲ್ಲಿ ಕುಡಿಯುವ ನೀರು, ನೀರಾವರಿ, ಜಲವಿದ್ಯುತ್ತಿನ ನಂತರ ನಾಲ್ಕನೆಯದಾಗಿದ್ದ ಸಂಚಾರವು 2002ರ ನೀತಿಯಲ್ಲಿ ಇತರ ಉಪಯೋಗಗಳೊಂದಿಗೆ ಪಟ್ಟಿಯ ಕೊನೆಗೆ ಸರಿಯಿತು.

೬. ಸೇತುವೆ ಬಂದ ಮೇಲೆ

ಕೊಡಗಿನಲ್ಲಿ ಜಲಸಾರಿಗೆಯ ನಿಜವಾದ ಸುಧಾರಣೆ ನಡೆದದ್ದು ಸೇತುವೆಗಳ ಮೂಲಕ. ಬೇತ್ರಿ, ಸಿದ್ದಾಪುರ, ಬಲಮುರಿ ಮೊದಲಾದೆಡೆ ಕಾವೇರಿಗೆ ಕಟ್ಟಿದ ಸೇತುವೆಗಳು ಉತ್ತರ ಮತ್ತು ದಕ್ಷಿಣ ಕೊಡಗುಗಳನ್ನು ಬೆಸೆದವು. ಭಾರವಾದ ಸೇತುವೆಗೆ ಹಣವಿಲ್ಲದೆಡೆ ತೂಗುಸೇತುವೆ ನೆರವಿಗೆ ಬಂತು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ತೂಗುಸೇತುವೆ ಈ ದಿಸೆಯಲ್ಲಿ ಮಾರ್ಗದರ್ಶಕವಾಯಿತು. ಕಡಿಮೆ ವೆಚ್ಚದಲ್ಲಿ, ಊರವರ ಸಹಕಾರದಿಂದ, ಕಾಲ್ನಡಿಗೆಯ ಸಂಪರ್ಕ ಒದಗಿಸುವ ಈ ಮಾದರಿ ಹಲವು ಗ್ರಾಮಗಳಿಗೆ ಹರಡಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಪುರಸ್ಕಾರ ಸಂದಿತು. ಕೊಡಗಿನ ಕಣಿವೆ ಗ್ರಾಮದಲ್ಲಿ ಕಾವೇರಿಗೆ ಅಡ್ಡಲಾಗಿರುವ ತೂಗುಸೇತುವೆಯು ಗಡಿಯಾಚೆಯ ಮೈಸೂರು ಜಿಲ್ಲೆಯ ಹಳ್ಳಿಗಳೊಡನೆ ಸಂಪರ್ಕ ಕಲ್ಪಿಸಿದೆ.

ಸೇತುವೆ ಬಂದೆಡೆ ದೋಣಿ ಮರೆಯಾಯಿತು. ಅದರ ಜೊತೆಗೆ ದೋಣಿ ನಡೆಸುವ ಕೌಶಲ, ಇಳಿದಾಣಗಳ ಉಸ್ತುವಾರಿ, ನೀರಿನ ಏರಿಳಿತವನ್ನು ದಿನದಿನವೂ ಗಮನಿಸುವ ರೂಢಿಗಳೂ ಮರೆಯಾದವು. ಸೇತುವೆ ಮುಳುಗದಿರುವವರೆಗೆ ಇದರಿಂದ ತೊಂದರೆಯಿಲ್ಲ. ಆದರೆ ತಗ್ಗಿನ ಸೇತುವೆಗಳು ಕಾವೇರಿ ಉಕ್ಕಿದಾಗಲೆಲ್ಲ ಮುಳುಗುತ್ತವೆ. ಭಾಗಮಂಡಲ–ನಾಪೋಕ್ಲು ರಸ್ತೆ ಮಳೆಗಾಲದಲ್ಲಿ ನೀರಿನಡಿ ಹೋಗುವುದು ಬಹುತೇಕ ವಾರ್ಷಿಕ ಸಂಗತಿ. ಭಾಗಮಂಡಲದ ಸಂಗಮದ ಬಳಿ ಮೇಲ್ಸೇತುವೆ ನಿರ್ಮಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

2018 ಮತ್ತು 2019ರ ಆಗಸ್ಟ್ ತಿಂಗಳುಗಳು ಈ ದೌರ್ಬಲ್ಯವನ್ನು ಬಯಲಿಗೆ ತಂದವು. ಬೆಟ್ಟಗಳು ಜಾರಿ ಸಾವುನೋವುಗಳು ಸಂಭವಿಸಿದ್ದರ ಜೊತೆಗೆ ಕುಶಾಲನಗರದ ಬಡಾವಣೆಗಳು ಜಲಾವೃತವಾದವು. 2019ರಲ್ಲಿ ಕರಡಿಗೋಡು, ಗುಹ್ಯ, ನೆಲ್ಲಿಹುದಿಕೇರಿ, ಕೊಂಡಂಗೇರಿಗಳ ನದೀತೀರದ ಮನೆಗಳು ನೀರುಪಾಲಾದವು. ಆ ದಿನಗಳಲ್ಲಿ ಜನರನ್ನು ದಡ ಸೇರಿಸಿದ್ದು ಹೊರಗಿನಿಂದ ತಂದ ರಬ್ಬರ್ ದೋಣಿಗಳು. ನದೀತೀರದಲ್ಲಿ ನೆಲೆಸಿದವರಲ್ಲಿ ತೋಟ ಕಾರ್ಮಿಕರೇ ಬಹಳ. ಎತ್ತರದ ನೆಲ ಕೊಳ್ಳಲಾಗದೆ ದಂಡೆಯಲ್ಲಿ ಮನೆ ಕಟ್ಟಿದವರು. ದಾಟುವ ದಾರಿಯ ಪ್ರಶ್ನೆ ಅವರಿಗೆ ಸೌಕರ್ಯದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ವಿಪರ್ಯಾಸವೆಂದರೆ ಇದೇ ನದಿಯಲ್ಲಿ ದೋಣಿಗಳು ಇಲ್ಲದಿಲ್ಲ. ದುಬಾರೆಯ ಆನೆ ಶಿಬಿರಕ್ಕೆ ಪ್ರವಾಸಿಗರು ದೋಣಿಯಲ್ಲಿ ಹೊಳೆ ದಾಟುತ್ತಾರೆ. ದುಬಾರೆ ಮತ್ತು ಬರಪೊಳೆಗಳಲ್ಲಿ ಸಾಹಸ ಜಲಕ್ರೀಡೆ ನಡೆಯುತ್ತದೆ. ದೋಣಿ, ಅದನ್ನು ನಡೆಸುವ ನುರಿತ ಕೈಗಳು, ಪ್ರಾಣರಕ್ಷಕ ಅಂಗಿಗಳು ಜಿಲ್ಲೆಯಲ್ಲಿವೆ. ಆದರೆ ಸೇತುವೆ ಲೋಕೋಪಯೋಗಿ ಇಲಾಖೆಗೆ, ಶಿಬಿರ ಅರಣ್ಯ ಇಲಾಖೆಗೆ, ಜಲಕ್ರೀಡೆ ಪ್ರವಾಸೋದ್ಯಮಕ್ಕೆ, ನೆರೆ ಪರಿಹಾರ ಕಂದಾಯ ಇಲಾಖೆಗೆ ಸೇರಿವೆ. ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕೇಂದ್ರ ಕಚೇರಿಯಿದ್ದುದು ಕಡಲತಡಿಯ ಕಾರವಾರದಲ್ಲಿ. ಹೊಳೆಯೊಂದನ್ನು ಇಡಿಯಾಗಿ ಸಂಚಾರದ ದೃಷ್ಟಿಯಿಂದ ನೋಡುವ ಕಣ್ಣು ಯಾವ ಇಲಾಖೆಯಲ್ಲೂ ಇಲ್ಲ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕೊಡಗಿನ ಹೊಳೆಗಳು ಸರಕು ಸಾಗಿಸುವ ಮಾರ್ಗಗಳಾಗಿ ಎಂದೂ ಇರಲಿಲ್ಲ, ಮುಂದೆಯೂ ಆಗಲಾರವು. ಅಂಥ ಕನಸನ್ನು ಈ ನೆಲದ ಮೇಲೆ ಹೇರುವುದು ವ್ಯರ್ಥ. ಆದರೆ ದಾಟುವ ನೀರಾಗಿ ಅವು ಜನಜೀವನವನ್ನು ಹಿಂದೆಯೂ ನಿರ್ಧರಿಸಿದವು, ಇಂದಿಗೂ ನಿರ್ಧರಿಸುತ್ತಿವೆ. ಉದ್ದ, ಆಳ, ಟನ್ನುಗಳ ಅಳತೆಗೋಲಿನಲ್ಲಿ ಈ ಬಗೆಯ ಸಂಚಾರ ಶೂನ್ಯವಾಗಿ ಕಾಣುತ್ತದೆ. ವರ್ಷದಲ್ಲಿ ಎಷ್ಟು ದಿನ ಸಂಪರ್ಕ ಕಡಿಯುತ್ತದೆ, ಎಷ್ಟು ಮನೆಗಳು ಅದರಿಂದ ಒಂಟಿಯಾಗುತ್ತವೆ, ಬಳಸುದಾರಿ ಎಷ್ಟು ದೂರ ಎಂಬ ಅಳತೆಗಳನ್ನು ಹಿಡಿದರೆ ಮಾತ್ರ ಅದರ ನಿಜಸ್ವರೂಪ ತಿಳಿಯುತ್ತದೆ.

ಇದಕ್ಕೆ ಬೇಕಾದ ಕಾನೂನಿನ ಅವಕಾಶ ಇಲ್ಲದಿಲ್ಲ. 2005ರ ವಿಪತ್ತು ನಿರ್ವಹಣಾ ಅಧಿನಿಯಮವು ಜಿಲ್ಲಾಧಿಕಾರಿಯ ನೇತೃತ್ವದ ಪ್ರಾಧಿಕಾರಕ್ಕೆ ಇಲಾಖೆಗಳನ್ನು ಕೂಡಿಸುವ ಅಧಿಕಾರ ನೀಡಿದೆ. 1917ರ ಹಳೆಯ ಶಾಸನದ ಸ್ಥಾನದಲ್ಲಿ ಬಂದ 2021ರ ಒಳನಾಡು ಹಡಗುಗಳ ಅಧಿನಿಯಮವು ಯಂತ್ರವಿಲ್ಲದ ದೋಣಿಗಳ ದಾಖಲಾತಿಯನ್ನು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ನಡೆಸಲು ಎಡೆಮಾಡಿದೆ. ದೋಣಿಯನ್ನು, ಅದನ್ನು ನಡೆಸಬಲ್ಲವರನ್ನು, ಹಳೆಯ ಇಳಿದಾಣಗಳನ್ನು ಗ್ರಾಮ ಪಂಚಾಯಿತಿಯ ಲೆಕ್ಕಕ್ಕೆ ತರಲು ಇದು ದಾರಿ. ಕಾವೇರಿ ತೀರದ ಪ್ರತಿ ಪಂಚಾಯಿತಿಯೂ ತನ್ನ ಎಲ್ಲೆಯಲ್ಲಿ ಹಿಂದೆ ದೋಣಿ ದಾಟುತ್ತಿದ್ದ ಎಡೆಗಳನ್ನು, ಮುಳುಗುವ ಸೇತುವೆಗಳನ್ನು, ನೀರು ಏರುವ ಗುರುತುಗಳನ್ನು ಹಿರಿಯರ ನೆನಪು ಇರುವಾಗಲೇ ದಾಖಲಿಸಿಟ್ಟುಕೊಳ್ಳುವುದು ಅಗತ್ಯ. ಆ ದಾಖಲೆಯು ಚರಿತ್ರೆಯ ಸಂಶೋಧಕನಿಗೆ ಆಕರವಾಗುವಂತೆಯೇ ಮುಂದಿನ ಕಕ್ಕಡದ ಮಳೆಯಲ್ಲಿ ಮನೆಯಂಗಳಕ್ಕೆ ನೀರು ಬಂದಾಗ ದಡ ಸೇರಿಸುವ ದಾರಿಯನ್ನೂ ತೋರಿಸಬಲ್ಲದು.